ಓಟದ ನಡುವೆ ಸುಧಾರಿಸಿಕೊಳ್ಳುವುದು ಹೇಗೆ?

“ನಡುವೆ ನಿಂತರೆ ಅಷ್ಟು ಹೊತ್ತು ಓಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುವುದಿಲ್ಲವೇ, ಅಕ್ಕೋರೇ?”

ಕಾರವಾರದ ಟಾಗೋರ್ ಕಡಲತೀರದಲ್ಲಿ ನಮ್ಮ ಬೆಳಗಿನ ಗುಂಪಿಗೆ ಹೊಸದಾಗಿ ಸೇರುವವರಲ್ಲಿ ಹೆಚ್ಚಿನವರು ಮೊದಲ ವಾರದಲ್ಲೇ ಇದನ್ನು ಕೇಳುತ್ತಾರೆ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದ್ದರಿಂದ ಊರಿನವರಿಗೆ ನಾನು ಈಗಲೂ ಅಕ್ಕೋರು. ಹಾಗಾಗಿ ಉತ್ತರವನ್ನು ಲೆಕ್ಕದ ಮೂಲಕವೇ ಕೊಡುತ್ತೇನೆ.

ಒಂದು ಕಿಲೋಮೀಟರ್ ಓಡಲು ದೇಹಕ್ಕೆ ತನ್ನ ತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕಿಲೋಕ್ಯಾಲೊರಿ ಬೇಕು. 70 ಕಿಲೋ ತೂಗುವವರು ಮೂರು ಕಿಲೋಮೀಟರ್ ಓಡಿದರೆ ಸುಮಾರು 210 ಕಿಲೋಕ್ಯಾಲೊರಿ ಖರ್ಚು. ಅದನ್ನು ಒಂದೇ ಬೀಸಿಗೆ ಓಡಿದರೂ ಅಷ್ಟೇ, ಅರ್ಧರ್ಧ ಕಿಲೋಮೀಟರಿನ ಆರು ತುಂಡು ಮಾಡಿ ಓಡಿದರೂ ಹೆಚ್ಚು ಕಡಿಮೆ ಅಷ್ಟೇ. ತುಂಡುಗಳ ನಡುವೆ ನಡೆದದ್ದು ಅದಕ್ಕೆ ಸೇರುತ್ತದೆಯೇ ಹೊರತು ಅದರಿಂದ ಕಳೆಯುವುದಿಲ್ಲ. 2020ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯೂ ವ್ಯಾಯಾಮ ಒಮ್ಮೆಗೆ ಕನಿಷ್ಠ 10 ನಿಮಿಷ ಸತತವಾಗಿ ಇರಬೇಕು ಎನ್ನುತ್ತಿತ್ತು. ಆ ವರ್ಷದ ಹೊಸ ಮಾರ್ಗಸೂಚಿಯಲ್ಲಿ ಆ ಷರತ್ತನ್ನೇ ತೆಗೆದುಹಾಕಿತು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ, ಇಲ್ಲವೇ 75ರಿಂದ 150 ನಿಮಿಷ ಬಿರುಸಿನ ಚಟುವಟಿಕೆ ಬೇಕು. ಚೂರುಚೂರಾಗಿ ಕೂಡಿಸಿದರೂ ಅದು ಲೆಕ್ಕಕ್ಕೆ ಬರುತ್ತದೆ.

ಈ ಲೆಕ್ಕದ ಮುಂದಿನ ಸಾಲು ಇನ್ನೂ ಮುಖ್ಯ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಇರುತ್ತದೆ. ದಿನಕ್ಕೆ 210ರಂತೆ ಕರಗಿಸಿದರೆ, ಊಟ ಹೆಚ್ಚಾಗದಿದ್ದರೂ, 37 ದಿನ ಬೇಕು. ಒಂದು ಬನ್ಸ್ ತಿಂದು ಸಕ್ಕರೆ ಹಾಕಿದ ಚಹಾ ಕುಡಿದರೆ ಆ ದಿನದ 210 ಮರಳಿ ಬಂತು. ಇದು ತಿಂಗಳುಗಟ್ಟಲೆ ನಡೆಯಬೇಕಾದ ಕೆಲಸ. ಮೂರನೆಯ ದಿನಕ್ಕೇ ಏದುಸಿರು ಬಿಟ್ಟು, ಮಂಡಿ ನೋಯಿಸಿಕೊಂಡು ಮನೆಯಲ್ಲಿ ಕುಳಿತವರ ತೂಕ ಇಳಿಯುವುದಿಲ್ಲ. ಬಿಡುವು ಬೇಕಾಗಿರುವುದು ಈ ಕಾರಣಕ್ಕೆ.

ನನ್ನದೇ ಅನುಭವ ಹೇಳುತ್ತೇನೆ. ಐವತ್ತೆರಡನೆಯ ವಯಸ್ಸಿನಲ್ಲಿ ಸಕ್ಕರೆ ಗಡಿಯಲ್ಲಿದೆ ಎಂದು ವೈದ್ಯರು ಹೇಳಿದಾಗ ಒಂದು ಜಿಮ್‌ಗೆ ಸೇರಿದೆ. ಟ್ರೆಡ್‌ಮಿಲ್ ಮೇಲೆ ಅರ್ಧ ಗಂಟೆ ನಿಲ್ಲಲೇಬಾರದು, ನಿಂತರೆ ಕೊಬ್ಬು ಕರಗುವುದೇ ಇಲ್ಲ ಎಂದು ಅಲ್ಲಿಯ ತರಬೇತುದಾರರು ಪಟ್ಟು ಹಿಡಿದರು. ನಾಲ್ಕನೆಯ ದಿನ ಇಪ್ಪತ್ತೆರಡನೆಯ ನಿಮಿಷಕ್ಕೆ ತಡೆಯಲಾಗದೆ ತಟ್ಟನೆ ಇಳಿದು ನಿಂತೆ. ಕಣ್ಣು ಕತ್ತಲಿಟ್ಟಿತು. ಗೋಡೆಗೆ ಒರಗಿ ಕುಳಿತವಳು ಮತ್ತೆ ಒಂದೂವರೆ ವರ್ಷ ಯಾವ ವ್ಯಾಯಾಮದ ಕಡೆಗೂ ತಿರುಗಿ ನೋಡಲಿಲ್ಲ. ಆ ಒಂದೂವರೆ ವರ್ಷ ನನಗೆ ಈಗಲೂ ನೋವು ಕೊಡುತ್ತದೆ. ಓಡುವಾಗ ಕಾಲಿನ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಹೃದಯಕ್ಕೆ ಮೇಲೆ ಕಳಿಸುತ್ತಿರುತ್ತವೆ. ಕಾಲು ಒಮ್ಮೆಲೇ ನಿಂತಾಗ ರಕ್ತ ಕೆಳಗೇ ಉಳಿಯುತ್ತದೆ, ಮಿದುಳಿಗೆ ಸಾಲದೆ ತಲೆ ಸುತ್ತುತ್ತದೆ. ನನಗೆ ಯಾರೂ ನಿಲ್ಲುವುದನ್ನು ಕಲಿಸಿರಲಿಲ್ಲ.

ಹೊರಡುವ ಮೊದಲು

ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು, ಬಹಳ ವರ್ಷ ಕುಳಿತೇ ಕೆಲಸ ಮಾಡಿದವರು ಒಮ್ಮೆ ವೈದ್ಯರನ್ನು ಕಂಡು ಬನ್ನಿ. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ, ನಮ್ಮ ಗುಂಪಿನಲ್ಲಿ ಇದು ನಿಯಮ.

ನಂತರ ನಿಮ್ಮ ದಣಿವನ್ನು ಅಳೆಯಲು ಕಲಿಯಿರಿ. 220ರಿಂದ ವಯಸ್ಸನ್ನು ಕಳೆದರೆ ಎದೆಬಡಿತದ ಗರಿಷ್ಠ ಮಿತಿಯ ಅಂದಾಜು ಸಿಗುತ್ತದೆ. 45 ವರ್ಷದವರಿಗೆ ಅದು 175. ಅದರ ಶೇಕಡಾ 64ರಿಂದ 76, ಅಂದರೆ ನಿಮಿಷಕ್ಕೆ 112ರಿಂದ 133 ಬಡಿತ, ಮಧ್ಯಮ ಬಿರುಸು. ಆದರೆ ಇದು ಅಂದಾಜು ಮಾತ್ರ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ಸಾಮಾನ್ಯ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎಷ್ಟು ಓಡಿದರೂ ಬಡಿತ ಏರುವುದೇ ಕಡಿಮೆ, ಅವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಹಾಗಾಗಿ ನಾನು ಎಲ್ಲರಿಗೂ ಮಗ್ಗಿ ಹೇಳಿಸುತ್ತೇನೆ. ಓಡುತ್ತಲೇ ಏಳರ ಮಗ್ಗಿ ಹೇಳಿ: ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು. ಸಾಲು ಮುಗಿದ ಮೇಲೆ ಉಸಿರು ಎಳೆದುಕೊಂಡು ಮುಂದಿನ ಸಾಲಿಗೆ ಹೋಗಲು ಬಂದರೆ ವೇಗ ಸರಿಯಾಗಿದೆ. “ಏಳೆರಡ್ಲೆ” ಎಂದು ಅರ್ಧದಲ್ಲೇ ಉಸಿರಿಗೆ ನಿಲ್ಲಬೇಕಾದರೆ ಬಿರುಸು ಹೆಚ್ಚಾಯಿತು, ಆಗಲೇ ನಡಿಗೆಗೆ ಇಳಿಯಬೇಕು. ರಾಗವಾಗಿ ಹಾಡಲು ಸಾಧ್ಯವಾದರೆ ಸ್ವಲ್ಪ ಜೋರು ಮಾಡಬಹುದು. ಯಂತ್ರ ಬೇಡ, ಕೈಗಡಿಯಾರವೂ ಬೇಡ.

ದಣಿಯುವ ಮೊದಲೇ ಬಿಡುವು

ಇಡೀ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಬಿಡುವನ್ನು ಹೊರಡುವ ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಆಗುವಷ್ಟು ಓಡಿ, ಆಗದಿದ್ದಾಗ ನಿಲ್ಲುತ್ತೇನೆ ಎಂದು ಹೊರಟವರು ಸೋತು ನಿಲ್ಲುತ್ತಾರೆ. ನಿಂತದ್ದಕ್ಕೆ ಬೇಸರ, ಮರುದಿನ ಅದೇ ಭಯ. ಎರಡು ನಿಮಿಷಕ್ಕೆ ನಡಿಗೆ ಎಂದು ಮೊದಲೇ ತೀರ್ಮಾನಿಸಿದವರು ಕಾಲಿನಲ್ಲಿ ಇನ್ನೂ ಕಸುವು ಇರುವಾಗಲೇ ನಡಿಗೆಗೆ ಇಳಿಯುತ್ತಾರೆ, ಮತ್ತೆ ಓಡಲು ಮನಸ್ಸೂ ಇರುತ್ತದೆ. ನಮ್ಮ ತೀರದಲ್ಲಿ ದಡದಿಂದ ಬಲೆ ಎಳೆಯುವವರನ್ನು ನೋಡಿ. ಹತ್ತಾರು ಜನ ಹಗ್ಗ ಹಿಡಿದು ಒಟ್ಟಿಗೆ ಎಳೆಯುತ್ತಾರೆ, ಹಗ್ಗ ಸಡಿಲವಾಗದಂತೆ ಹಿಡಿದುಕೊಂಡೇ ಒಂದು ಗಳಿಗೆ ಸುಧಾರಿಸುತ್ತಾರೆ, ಮತ್ತೆ ಎಳೆಯುತ್ತಾರೆ. ಕೈ ಸೋತ ಮೇಲೆ ಬಿಡುವು ಹುಡುಕಿದರೆ ಆ ಬಲೆ ದಡ ಸೇರಲಾರದು.

ಅಮೆರಿಕದ ಜೆಫ್ ಗ್ಯಾಲೋವೇ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು. ಹೊಸಬರಿಗೆ ಓಟ ಕಲಿಸಲು ಹೊರಟಾಗ ಅವರು ಹಿಡಿದದ್ದೂ ಇದೇ ದಾರಿ. ಓಟ, ನಡಿಗೆ, ಮತ್ತೆ ಓಟ. ಆ ಕ್ರಮದಲ್ಲಿ ಮ್ಯಾರಥಾನ್ ಮುಗಿಸಿದವರು ಜಗತ್ತಿನಾದ್ಯಂತ ಇದ್ದಾರೆ.

ನಮ್ಮ ಗುಂಪಿನಲ್ಲಿ ನಡೆಯುವ ಕ್ರಮ ಹೀಗಿದೆ. ಮೊದಲ ಎರಡು ವಾರ, ಐದು ನಿಮಿಷ ಸಾವಧಾನ ನಡಿಗೆಯಿಂದ ಶುರು. ನಂತರ ಒಂದು ನಿಮಿಷ ಮೆಲ್ಲನೆಯ ಓಟ, ಎರಡು ನಿಮಿಷ ನಡಿಗೆ. ಇದು ಆರು ಸಲ. ಕೊನೆಗೆ ಮತ್ತೆ ಐದು ನಿಮಿಷ ನಿಧಾನ ನಡಿಗೆ. ಒಟ್ಟು 28 ನಿಮಿಷ. ಮೂರನೆಯ ಮತ್ತು ನಾಲ್ಕನೆಯ ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಐದು ಸಲ. ಐದನೆಯ ವಾರದಿಂದ ಮೂರು ನಿಮಿಷ ಓಟ, ಎರಡು ನಿಮಿಷ ನಡಿಗೆ. ಅಲ್ಲಿಂದ ಮುಂದೆ ಅವಸರ ಬೇಡ. ಯಾವುದೇ ಹಂತದಲ್ಲಿ ಮಗ್ಗಿ ತುಂಡಾದರೆ ಹಿಂದಿನ ವಾರಕ್ಕೆ ಮರಳಿ. ತೂಕ ಬಹಳ ಇರುವವರು, ಮಂಡಿ ನೋವಿನವರು ಓಟದ ಜಾಗದಲ್ಲಿ ಬಿರುಸು ನಡಿಗೆ, ನಡಿಗೆಯ ಜಾಗದಲ್ಲಿ ನಿಧಾನ ನಡಿಗೆ ಎಂದು ಓದಿಕೊಳ್ಳಿ. ಸೈಕಲ್ ತುಳಿಯುವವರಿಗೂ ಇದೇ ಲೆಕ್ಕ, ಬಿಡುವಿನಲ್ಲಿ ಪೆಡಲ್ ಹಗುರವಾಗಿ ತಿರುಗುತ್ತಿರಲಿ.

ಬಿಡುವಿನಲ್ಲಿ ಏನು ಮಾಡಬೇಕು?

ನಡೆಯಬೇಕು. ನಿಲ್ಲುವುದಾಗಲಿ, ಕೂರುವುದಾಗಲಿ ಬೇಡ. ಭುಜ ಸಡಿಲ ಬಿಟ್ಟು, ಉಸಿರನ್ನು ಮೂಗಿನಿಂದ ಎಳೆದು ಬಾಯಿಯಿಂದ ನಿಧಾನವಾಗಿ ಬಿಡಿ. ಮೊದಲ ಹತ್ತು ಹೆಜ್ಜೆ ಸ್ವಲ್ಪ ಚುರುಕಾಗಿರಲಿ, ಆಮೇಲೆ ನಿಧಾನಿಸಿ. ಮೊಣಕಾಲಿನ ಮೇಲೆ ಕೈಯೂರಿ ಒಂದೆರಡು ಉಸಿರು ಬಾಗುವುದು ತಪ್ಪಲ್ಲ, ಉಸಿರಾಟಕ್ಕೆ ಅದರಿಂದ ಅನುಕೂಲವೇ ಆಗುತ್ತದೆ. ತಲೆ ಹಗುರವಾದಂತೆ ಅನಿಸಿದರೆ ಮಾತ್ರ ಹಾಗೆ ಬಾಗಬೇಡಿ, ಹತ್ತಿರದವರ ಭುಜ ಹಿಡಿದು ಕುಳಿತು ಕಾಲು ಚಾಚಿ.

ಎಷ್ಟು ಹೊತ್ತು ಎಂಬುದು ಎಷ್ಟು ಬಿರುಸಾಗಿ ಓಡಿದ್ದೀರಿ ಎಂಬುದರ ಮೇಲೆ ನಿಂತಿದೆ. ಸ್ನಾಯುಗಳಲ್ಲಿ ತಕ್ಷಣದ ಬಳಕೆಗೆಂದು ಫಾಸ್ಫೋಕ್ರಿಯಾಟಿನ್ ಎಂಬ ಸಣ್ಣ ದಾಸ್ತಾನು ಇರುತ್ತದೆ. ಕೆಲವೇ ಸೆಕೆಂಡುಗಳ ಜೋರು ಓಟಕ್ಕೆ ಅದು ಬಹುಪಾಲು ಬರಿದಾಗುತ್ತದೆ. ಅರ್ಧ ನಿಮಿಷದ ಬಿಡುವಿನಲ್ಲಿ ಅದರ ಸುಮಾರು ಅರ್ಧದಷ್ಟು ಮರಳಿ ತುಂಬುತ್ತದೆ, ಮೂರರಿಂದ ಐದು ನಿಮಿಷದಲ್ಲಿ ಹೆಚ್ಚುಕಡಿಮೆ ಪೂರ್ತಿ. ಹಾಗಾಗಿ ಮೈಮುರಿಯುವ ಓಟಕ್ಕೆ ಎರಡು ಮೂರು ನಿಮಿಷ ಬೇಕು, ಮೆಲ್ಲನೆಯ ಓಟಕ್ಕೆ ಒಂದೆರಡು ನಿಮಿಷ ಸಾಕು. ಕಲ್ಲುಬೆಂಚಿನ ಮೇಲೆ ಕುಳಿತು ಮೊಬೈಲ್ ತೆರೆದರೆ ಹತ್ತು ನಿಮಿಷ ಹೋದದ್ದು ತಿಳಿಯುವುದಿಲ್ಲ. ಅಷ್ಟರಲ್ಲಿ ಮೈ ತಣ್ಣಗಾಗಿ ಸ್ನಾಯು ಬಿಗಿದುಕೊಂಡಿರುತ್ತದೆ. ಹಾಗೆ ಕುಳಿತವರು ಮತ್ತೆ ಐದು ನಿಮಿಷ ನಡೆದ ಮೇಲೆಯೇ ಓಡಬೇಕು.

ಸ್ವಲ್ಪ ಪಳಗಿದವರಿಗೆ ಇನ್ನೊಂದು ಅಳತೆಯಿದೆ. 1930ರ ದಶಕದಲ್ಲಿ ಜರ್ಮನಿಯ ತರಬೇತುದಾರ ವೋಲ್ಡೆಮರ್ ಗೆರ್ಶ್ಲರ್ ಹೃದಯತಜ್ಞ ಹಾನ್ಸ್ ರೈಂಡೆಲ್ ಜೊತೆ ಸೇರಿ ಒಂದು ಪದ್ಧತಿ ರೂಪಿಸಿದರು. ಚಿಕ್ಕ ದೂರವನ್ನು ಬಿರುಸಾಗಿ ಓಡಿಸಿ, ನಾಡಿ 120ಕ್ಕೆ ಇಳಿದ ಮೇಲೆಯೇ ಮುಂದಿನ ಓಟಕ್ಕೆ ಬಿಡುವುದು. ಹೃದಯ ಗಟ್ಟಿಯಾಗುವುದು ಓಡುವಾಗ ಮಾತ್ರವಲ್ಲ, ಇಳಿಯುವ ಆ ಹೊತ್ತಿನಲ್ಲೇ ಎಂಬುದು ಅವರ ನಂಬಿಕೆಯಾಗಿತ್ತು. ಅದಕ್ಕಾಗಿಯೇ ಆ ಪದ್ಧತಿಗೆ ಓಟದ ಹೆಸರು ಬರಲಿಲ್ಲ, ನಡುವಿನ ಬಿಡುವಿನ ಹೆಸರು ಬಂತು: ಇಂಟರ್‌ವಲ್ ತರಬೇತಿ. ಅವರ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ ಮಿಲಾನ್‌ನಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿ ಮಾಡಿದ ವಿಶ್ವದಾಖಲೆ 1955ರವರೆಗೆ ಉಳಿಯಿತು. ಆ ಬಿರುಸು ನಮಗೆ ಬೇಡ. 120ರ ಗುರುತು ಮಾತ್ರ ಆರೋಗ್ಯವಂತ ನಡುವಯಸ್ಕರಿಗೂ ಉಪಯೋಗಕ್ಕೆ ಬರುತ್ತದೆ. ಕತ್ತಿನ ಪಕ್ಕ ಅಥವಾ ಮಣಿಕಟ್ಟಿನಲ್ಲಿ ಬೆರಳಿಟ್ಟು 15 ಸೆಕೆಂಡು ಎಣಿಸಿ. 30 ಬಂದರೆ ನಾಡಿ 120.

ನಾಡಿ ಎಣಿಸಲು ಕಲಿತವರು ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಕೊನೆಯ ಓಟ ಮುಗಿದ ಕೂಡಲೇ ಒಮ್ಮೆ, ಸರಿಯಾಗಿ ಒಂದು ನಿಮಿಷದ ನಂತರ ಮತ್ತೊಮ್ಮೆ ಎಣಿಸಿ, ಎಷ್ಟು ಇಳಿಯಿತು ಎಂದು ಬರೆಯಿರಿ. ವಾರಗಳು ಕಳೆದಂತೆ ಈ ಇಳಿತ ಹೆಚ್ಚಾಗುತ್ತದೆ. ತಕ್ಕಡಿಗಿಂತ ಮೊದಲೇ ಇದು ನಿಮ್ಮ ಪ್ರಗತಿಯನ್ನು ಹೇಳುತ್ತದೆ, ನನಗೆ ತಕ್ಕಡಿಗಿಂತ ಇದರ ಮೇಲೆ ಹೆಚ್ಚು ವಿಶ್ವಾಸ. ಒಂದು ನಿಮಿಷದಲ್ಲಿ 12 ಬಡಿತದಷ್ಟೂ ಇಳಿಯದೆ ದಿನವೂ ಹಾಗೆಯೇ ಇದ್ದರೆ ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿ.

ನಮ್ಮ ಕರಾವಳಿಯ ಸೆಕೆ

ಬಯಲುಸೀಮೆಯಿಂದ ವರ್ಗವಾಗಿ ಬಂದವರು ಇಲ್ಲಿ ಮೊದಲು ಎಡವುವುದು ಇದರಲ್ಲಿ. ಬೆವರು ಸುರಿದರೆ ಮೈ ತಂಪಾಗುವುದಿಲ್ಲ, ಬೆವರು ಆರಿದರೆ ತಂಪಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಾರವಾರ, ಅಂಕೋಲಾ, ಕುಮಟಾ ಕಡೆ ಗಾಳಿಯಲ್ಲಿ ಆಗಲೇ ಅಷ್ಟು ತೇವ ಇರುವುದರಿಂದ ಬೆವರು ಆರುವುದೇ ಇಲ್ಲ. ಮೈ ತಂಪು ಮಾಡಲು ಹೃದಯ ರಕ್ತವನ್ನು ಚರ್ಮದ ಕಡೆಗೆ ಹರಿಸುತ್ತದೆ. ಅದೇ ವೇಗದಲ್ಲಿ ಓಡಿದರೂ ಬಡಿತ ಏರುತ್ತಲೇ ಹೋಗುತ್ತದೆ. ಆದ್ದರಿಂದ ಈ ಎರಡು ತಿಂಗಳು ಓಟದ ಹೊತ್ತನ್ನು ಅರ್ಧಕ್ಕೆ ಇಳಿಸಿ, ಬಿಡುವನ್ನು ಒಂದು ನಿಮಿಷ ಹೆಚ್ಚಿಸಿ. ಏಳು ಗಂಟೆಯ ಒಳಗೆ ಮುಗಿಸಿ. ಬಿಡುವಿನ ನಡಿಗೆಗೆ ಗಾಳಿಮರಗಳ ನೆರಳು, ಗಾಳಿ ಬೀಸುವ ದಿಕ್ಕು ಹುಡುಕಿಕೊಳ್ಳಿ. ಪ್ಲಾಸ್ಟಿಕ್ಕಿನ ಜಾಕೆಟ್ ತೊಟ್ಟು ಬೆವರಿಳಿಸುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಅದರಿಂದ ಇಳಿಯುವುದು ನೀರಿನ ತೂಕ, ಎರಡು ಲೋಟ ನೀರು ಕುಡಿದರೆ ಮರಳಿ ಬರುತ್ತದೆ. ಮೈ ಬಿಸಿ ಏರುವ ಅಪಾಯ ಮಾತ್ರ ನಿಜ.

ಕುಡಿಯಲು ನೀರು ಸಾಕು, ಬಾಯಾರಿದಾಗ ಗುಟುಕು ಗುಟುಕಾಗಿ. ಮುಗಿದ ಮೇಲೆ ಉಪ್ಪು ಹಾಕಿದ ನೀರು ಮಜ್ಜಿಗೆ ಅಥವಾ ಜೀರಿಗೆ, ಉಪ್ಪು ಹಾಕಿದ ಮುರುಗಲು ಪಾನಕ ಒಳ್ಳೆಯದು. ಅಂಗಡಿಯ ಸಿಹಿ ಮುರುಗಲು ಸಿರಪ್ಪಿನಲ್ಲಿ ಸಕ್ಕರೆ ಬಹಳ, ತೂಕ ಇಳಿಸುವವರಿಗೆ ಅದು ಬೇಡ.

ಮರಳಿನ ವಿಷಯವನ್ನೂ ತಿಳಿದಿರಬೇಕು. ಕಾಲು ಹೂತುಹೋಗುವ ಒಣ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ರಸ್ತೆಯಲ್ಲಿ ಮೂರು ನಿಮಿಷ ಓಡುವವರು ಅಲ್ಲಿ ಒಂದೂವರೆ ನಿಮಿಷಕ್ಕೇ ನಡಿಗೆಗೆ ಇಳಿಯಬೇಕು. ನೀರು ಇಳಿದು ಹೋದ ಮೇಲೆ ಉಳಿಯುವ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಹೊಸಬರಿಗೆ ಅದೇ ಸರಿ. ಆದರೆ ಭರತ ಮತ್ತು ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ಸೋಮವಾರ ಬೆಳಿಗ್ಗೆ ಆರಕ್ಕೆ ಸಿಕ್ಕ ಅಗಲವಾದ ಗಟ್ಟಿ ತೀರ ಮುಂದಿನ ಸೋಮವಾರ ಅದೇ ಹೊತ್ತಿಗೆ ನೀರಿನಡಿ ಇರಬಹುದು. ಯುದ್ಧನೌಕೆಯ ವಸ್ತುಸಂಗ್ರಹಾಲಯದ ಬಳಿಯಿಂದ ಕೋಡಿಬಾಗದ ಕಡೆಗೆ ಹೋದಷ್ಟೇ ದೂರ ಮರಳಿ ಬನ್ನಿ. ತೀರ ಒಂದು ಕಡೆಗೆ ಇಳಿಜಾರು ಇರುವುದರಿಂದ ಒಂದೇ ದಿಕ್ಕಿಗೆ ಓಡಿದರೆ ಒಂದೇ ಕಾಲಿನ ಮೇಲೆ ಭಾರ ಬೀಳುತ್ತದೆ. ಬರಿಗಾಲಿನಲ್ಲಿ ಓಡುವವರು ಗಾಜು, ಗಾಳದ ಕೊಕ್ಕೆಗಳ ಮೇಲೆ ಕಣ್ಣಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ದಡಕ್ಕೆ ಅಪ್ಪಳಿಸುವಾಗ ನೀರಿನಂಚಿನ ಓಟ ಬೇಡವೇ ಬೇಡ. ಮನೆಯ ಮೆಟ್ಟಿಲು ಇದೆ. ಹತ್ತುವುದು ಕೆಲಸ, ಇಳಿಯುವುದು ಬಿಡುವು. ಕಟಾಂಜನ ಹಿಡಿದೇ ಇಳಿಯಿರಿ. ಸ್ಕಿಪ್ಪಿಂಗ್ ಆದರೆ ಅರ್ಧ ನಿಮಿಷ ಜಿಗಿತ, ಅರ್ಧ ನಿಮಿಷ ನಿಂತಲ್ಲೇ ಹೆಜ್ಜೆ.

ಘಟ್ಟದ ಮೇಲಿನವರಿಗೆ

ಶಿರಸಿ, ಸಿದ್ದಾಪುರದ ಕಡೆ ಏರು ತಗ್ಗಿನ ದಾರಿಗಳೇ ಓಟ ಮತ್ತು ಬಿಡುವನ್ನು ಹಂಚಿಕೊಟ್ಟಿವೆ. ಏರಿನಲ್ಲಿ ಬಿರುಸಾಗಿ ನಡೆಯಿರಿ, ಸಮತಟ್ಟಿನಲ್ಲಿ ಸುಧಾರಿಸಿಕೊಳ್ಳಿ. ಇಳಿಜಾರಿನಲ್ಲಿ ಓಡಬೇಡಿ, ಉಸಿರಿಗೆ ಹಗುರವೆನಿಸಿದರೂ ತೊಡೆ ಮತ್ತು ಮಂಡಿಗೆ ಅದು ಭಾರ, ಮರುದಿನ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ.

ಎಲ್ಲಿ ಬಿಡುವು ತೆಗೆದುಕೊಳ್ಳುತ್ತೀರಿ ಎಂಬುದು ಅಲ್ಲಿ ಪ್ರಾಣದ ಪ್ರಶ್ನೆಯೂ ಆಗಬಹುದು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಉಣುಗುಗಳ ಕಡಿತದಿಂದ ಹರಡುವ ಈ ಜ್ವರ ಸಿದ್ದಾಪುರದ ಹಳ್ಳಿಗಳನ್ನೂ ಕಾಡಿದೆ. ಚಳಿಗಾಲದಿಂದ ಮಳೆ ಬೀಳುವವರೆಗೆ ಕಾಡುದಾರಿಯಲ್ಲಿ ದಣಿದಾಗ ದರಕಿನ, ಅಂದರೆ ಉದುರಿದ ಒಣ ಎಲೆಗಳ, ಮೇಲೆ ಕೂರಬೇಡಿ. ಮಂಗ ಸತ್ತುಬಿದ್ದ ಸುದ್ದಿ ಇರುವ ಕಡೆಗೆ ಹೋಗಲೇಬೇಡಿ. ಊರೊಳಗಿನ ಡಾಂಬರು ರಸ್ತೆಯೇ ಲೇಸು. ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸಿ ಬಿಸಿನೀರಿನ ಸ್ನಾನ ಮಾಡಿ.

ವಾರದ ಬಿಡುವು, ಮತ್ತು ಬಿಡುವಲ್ಲದ ನಿಲುಗಡೆ

ಬಿರುಸಿನ ಓಟ ವಾರಕ್ಕೆ ಎರಡು ದಿನ ಸಾಕು, ಅವುಗಳ ನಡುವೆ 48 ಗಂಟೆ ಅಂತರ ಇರಲಿ. ಉಳಿದ ದಿನ ನಡಿಗೆ, ಎರಡು ದಿನ ಸ್ನಾಯುಗಳಿಗೆ ಕಸುವು ಕೊಡುವ ವ್ಯಾಯಾಮ. ಒಂದು ದಿನ ಪೂರ್ತಿ ರಜೆ. ಬೆಳಿಗ್ಗೆ ಹಾಸಿಗೆಯಲ್ಲೇ ಎಣಿಸಿದ ನಾಡಿ ಎಂದಿಗಿಂತ ಏಳೆಂಟು ಹೆಚ್ಚಿದ್ದರೆ, ನಿದ್ದೆ ಸರಿಯಾಗಿರದಿದ್ದರೆ, ಆ ದಿನ ನಡಿಗೆ ಮಾತ್ರ. ಮಾರಿಕಾಂಬೆಯ ಜಾತ್ರೆಗೋ ಮದುವೆಗೋ ಹೋಗಿ ವಾರ ತಪ್ಪಿದರೆ ಕಳೆದದ್ದನ್ನು ಒಂದೇ ದಿನ ತುಂಬಲು ಹೋಗಬೇಡಿ, ಒಂದು ಹಂತ ಹಿಂದಿನಿಂದ ಶುರುಮಾಡಿ.

ಎದೆಯಲ್ಲಿ ಒತ್ತಿದಂತೆ ಆಗುವುದು, ನೋವು ಎಡಗೈಗೋ ದವಡೆಗೋ ಹರಿಯುವುದು, ಐದಾರು ನಿಮಿಷ ನಡೆದರೂ ಉಸಿರು ಹತೋಟಿಗೆ ಬಾರದಿರುವುದು, ಬಡಿತ ತಾಳ ತಪ್ಪುವುದು: ಇವು ಬಿಡುವು ತೆಗೆದುಕೊಂಡು ಮುಂದುವರಿಯುವ ಸಂಗತಿಗಳಲ್ಲ. ಅಲ್ಲಿಗೇ ನಿಲ್ಲಿಸಿ 108ಕ್ಕೆ ಕರೆ ಮಾಡಿ. ಸೆಕೆಯಲ್ಲಿ ಓಡುತ್ತಿದ್ದವರು ತೊದಲಿದರೆ, ಗೊಂದಲಗೊಂಡು ಮಾತನಾಡಿದರೆ ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ, ಆಂಬುಲೆನ್ಸ್ ಬರುವವರೆಗೂ ಅದನ್ನು ಬಿಡಬೇಡಿ. ಪ್ರಜ್ಞೆ ಮಂಕಾದವರಿಗೆ ಬಾಯಿಗೆ ನೀರು ಹಾಕಬಾರದು.

ಮೊದಲು ಹುಣಸೆಹಣ್ಣಿನ ಪ್ರಶ್ನೆ ಕೇಳಿದ ನಮ್ಮ ಗುಂಪಿನ ಹೊಸ ಸದಸ್ಯೆ ಮೊನ್ನೆ ತಮ್ಮ ಪುಸ್ತಕ ತಂದು ತೋರಿಸಿದರು. ಹತ್ತು ವಾರದಲ್ಲಿ ತೂಕ ಇಳಿದದ್ದು ಒಂದೂವರೆ ಕಿಲೋ. ಒಂದು ನಿಮಿಷದ ಇಳಿತ ಮಾತ್ರ 14ರಿಂದ 23ಕ್ಕೆ ಬಂದಿತ್ತು. “ಇನ್ನು ಓಟ ಹೆಚ್ಚಿಸಿ, ನಡಿಗೆ ಕಡಿಮೆ ಮಾಡಲೇ ಅಕ್ಕೋರೇ?” ಎಂದರು. ಎರಡನ್ನೂ ಒಟ್ಟಿಗೆ ಬದಲಿಸಬೇಡಿ ಎಂದೆ. ಈ ಸೋಮವಾರದಿಂದ ಅವರು ನಾಲ್ಕು ನಿಮಿಷ ಓಡುತ್ತಾರೆ. ಬಿಡುವು ಹಿಂದಿನಂತೆಯೇ ಎರಡು ನಿಮಿಷ.